ಹೊಸ ಗಿಟಾರಿಗೆ ಹಳೆಯ ಬೆವರು

ಹೊಸ ಎಲೆಕ್ಟ್ರಿಕ್ ಗಿಟಾರನ್ನು ಐವತ್ತು ವರ್ಷ ಹಳೆಯದಾಗಿ ಕಾಣುವಂತೆ ಮಾಡುವ ಕೆಲಸವನ್ನು ನಾನು ಎರಡು ವರ್ಷ ಮಾಡಿದೆ. ಯಾರೂ ಬಲವಂತ ಮಾಡಿರಲಿಲ್ಲ. ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು, ಮಾಡುವಾಗ ಖುಷಿಯೂ ಇತ್ತು. ಈಗ ಅದನ್ನು ನೆನೆದರೆ ಎದೆಯಿಂದ ಹುಳಿ ತೇಗು ಬಂದಂತಾಗುತ್ತದೆ. ಆ ಹೇಸಿಗೆಯಲ್ಲಿ ಒಂದು ಪಾಲು ಮಾತ್ರ ಬೇರೆಯವರ ಮೇಲಿನದು.

ನನ್ನ ಮನೆ ಹನುಮಂತನಗರದ ಒಂದು ಏರುರಸ್ತೆಯಲ್ಲಿದೆ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ನನ್ನ ವರ್ಕ್‌ಶಾಪು. ಅಪ್ಪ ಜಯನಗರದ ಮನೆಮನೆಗೆ ಹೋಗಿ ಬಾಗಿಲು, ಬೀರು, ಊಟದ ಮೇಜುಗಳಿಗೆ ಪಾಲಿಶ್ ಮಾಡುತ್ತಿದ್ದರು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದು, ಹತ್ತಿಯ ಉಂಡೆಗೆ ಹಳೆಯ ಬಟ್ಟೆ ಸುತ್ತಿ ಮರದ ಮೇಲೆ ಎಲ್ಲೂ ನಿಲ್ಲಿಸದೆ ಆಡಿಸುವುದು, ಇವೆಲ್ಲ ನಾನು ಅವರ ಪಕ್ಕದಲ್ಲಿ ಕೂತೇ ಕಲಿತದ್ದು. ಒಮ್ಮೆ ಗಿಟಾರ್ ಕ್ಲಾಸಿನ ಮೇಷ್ಟ್ರೊಬ್ಬರು ಬಣ್ಣ ಎದ್ದುಹೋದ ಗಿಟಾರೊಂದನ್ನು ತಂದರು. ಅದಾದ ಮೇಲೆ ಇನ್ನೊಂದು ಬಂತು. ಕುತ್ತಿಗೆಯ ಮೇಲಿನ ಲೋಹದ ಗೆರೆಗಳನ್ನು, ಅಂದರೆ ಫ್ರೆಟ್‌ಗಳನ್ನು, ಬದಲಾಯಿಸುವುದು, ಒಳಗಿನ ವೈರು ಬೆಸೆಯುವುದು, ಎಲ್ಲವನ್ನೂ ಕೆಡಿಸಿ ಕೆಡಿಸಿ ಕಲಿತೆ. ಅಪ್ಪ ತೀರಿಕೊಳ್ಳುವ ಹೊತ್ತಿಗೆ ಮನೆಯಲ್ಲಿ ಬೀರುಗಳಿಗಿಂತ ಗಿಟಾರುಗಳೇ ಹೆಚ್ಚಾಗಿದ್ದವು.

ಜೆ.ಪಿ. ನಗರದಲ್ಲಿ ಗಿಟಾರ್ ಶೋರೂಮ್ ಇಟ್ಟಿದ್ದ ಒಬ್ಬಾತ ಒಂದು ದಿನ ಹೊಚ್ಚಹೊಸ ಗಿಟಾರಿನ ಪೆಟ್ಟಿಗೆ ಹಿಡಿದು ಬಂದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ತಿಳಿಬಣ್ಣದ ಶರ್ಟು, ಬಹಳ ಮೆದು ಮಾತು.

"ಅಕ್ಕ, ಇದಕ್ಕೆ ಸ್ವಲ್ಪ ವಯಸ್ಸು ಮಾಡ್ಬೇಕು."

"ಹಂಗಂದ್ರೆ?"

"ಐವತ್ತು ವರ್ಷ ಸ್ಟೇಜ್ ಮೇಲೆ ನುಡಿಸಿದ ಹಾಗೆ ಕಾಣ್ಬೇಕು. ಫಾರಿನ್ನಲ್ಲಿ ಎಲ್ಲಾ ಮಾಡ್ತಾರೆ. ಹೊಸದು ಅಂತ ಹೇಳೇ ಮಾರ್ತೀವಿ, ಮೋಸ ಏನಿಲ್ಲ."

ಮೋಸ ಎಂಬ ಮಾತನ್ನು ನಾನು ಎತ್ತಿರಲಿಲ್ಲ. ಅವನಾಗಿಯೇ ಎತ್ತಿದ. ಆಗಲೇ ನನಗೆ ಹೊಳೆಯಬೇಕಿತ್ತು.

ಆತ ಏನೂ ತಿಳಿಯದ ವ್ಯಾಪಾರಿಯಾಗಿದ್ದರೆ ನನಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಹಳೆಯ ಮಾದರಿಗಳ ಬಗ್ಗೆ ನನಗೆ ಇವತ್ತು ಗೊತ್ತಿರುವುದರಲ್ಲಿ ಅರ್ಧ ಅವನ ಬಾಯಿಂದ ಕೇಳಿದ್ದು. ಎರಡು ಕೊಂಬಿನ ಆ ಪ್ರಸಿದ್ಧ ಮಾದರಿಗೆ ಕೊಂಬು ಇರುವುದು ಚೆಂದಕ್ಕಲ್ಲ. ಅವುಗಳ ನಡುವಿನ ಜಾಗದಲ್ಲಿ ಎಡಗೈ ಕೊನೆಯ ಸ್ವರದವರೆಗೂ ತಲುಪಲಿ ಎಂದು. ಬೆನ್ನಿನ ಮರವನ್ನು ಮೇಲ್ಭಾಗದಲ್ಲಿ ಕೆತ್ತಿ ತೆಗೆದಿರುವುದು, ಹಲಗೆಯ ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂದು ನುಡಿಸುವವರು ದೂರಿದ್ದರಿಂದ. ತಂತಿ ಬಿಗಿಯುವ ಆರು ಕೀಗಳೂ ತಲೆಯ ಒಂದೇ ಬದಿಗಿರುವುದು ತಂತಿ ಸೊಟ್ಟಗಾಗದೆ ನೇರವಾಗಿ ಹೋಗಲಿ ಎಂದು. ಕುತ್ತಿಗೆಯನ್ನು ಅಂಟಿಸದೆ ಸ್ಕ್ರೂ ಹಾಕಿ ಕೂರಿಸಿದ್ದು, ಕೆಟ್ಟರೆ ಬಿಚ್ಚಿ ಬೇರೆಯದನ್ನು ಹಾಕಬಹುದು ಎಂದು. ಇದನ್ನು ಮಾಡಿದವನು ರೇಡಿಯೋ ರಿಪೇರಿಯ ಕಸುಬಿನಿಂದ ಬಂದವನು, ಅವನಿಗೆ ಗಿಟಾರ್ ನುಡಿಸಲೇ ಬರುತ್ತಿರಲಿಲ್ಲವಂತೆ. ಅದೇ ಕಾಲದಲ್ಲಿ ಇನ್ನೊಂದು ಕಂಪನಿ ಪಿಟೀಲಿನಂತೆ ಉಬ್ಬಿದ ಎದೆಯ, ಒಂದೇ ಕೊಂಬಿನ ಭಾರವಾದ ಮಾದರಿ ತಂದಿತು. ಬಾಣದ ತುದಿಯಂಥ ಮಾದರಿಯೊಂದು ಬಂದಾಗ ಕೊಳ್ಳುವವರೇ ಇಲ್ಲದೆ ಕೆಲವು ಅಂಗಡಿಯವರು ಅದನ್ನು ಬೋರ್ಡಿನ ಬದಲು ಹೊರಗೆ ನೇತುಹಾಕಿದ್ದರಂತೆ. ಈಗ ಜನ ಮುಗಿಬೀಳುವ ತಿಳಿನೀಲಿ, ಎಳೆಹಸಿರು ಬಣ್ಣಗಳೆಲ್ಲ ಅಂದಿನ ಕಾರುಗಳಿಗೆ ಹೊಡೆಯುತ್ತಿದ್ದ ಪೇಂಟು.

ಇದನ್ನೆಲ್ಲ ಹೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು. ನುಡಿಸುವವನ ಮೈಗೆ ಇಷ್ಟು ಗೌರವ ಕೊಟ್ಟು ಮಾಡಿದ ವಸ್ತು ಎಂದು ಬಣ್ಣಿಸಿ, ಅದೇ ಉಸಿರಿನಲ್ಲಿ ಯಾರ ಮೈಯೂ ತಾಕದ ಗಿಟಾರಿಗೆ ಮೈ ತಾಕಿದ ಗುರುತು ಮಾಡಿಕೊಡಿ ಎಂದು ಕೇಳುತ್ತಿದ್ದ.

ನಾನು ಮಾಡಿಕೊಟ್ಟೆ. ಐಸ್‌ಕ್ರೀಮ್ ಅಂಗಡಿಯಲ್ಲಿರುವಂಥ ಉದ್ದನೆಯ ಫ್ರೀಜರೊಂದನ್ನು ಅವನೇ ತಂದುಕೊಟ್ಟ. ಲ್ಯಾಕರ್ ಹೊಡೆದ ಹಲಗೆಯನ್ನು ಅದರಲ್ಲಿ ಹೆಪ್ಪುಗಟ್ಟಿಸಿ, ಹೊರಗೆ ತೆಗೆದು ಬಿಸಿಗಾಳಿ ಬಿಟ್ಟರೆ ಮೇಲ್ಮೈ ಸಣ್ಣಗೆ ಚಿಟಚಿಟ ಎನ್ನುತ್ತ ಬಿರಿಯುತ್ತದೆ. ಕಕ್ಕಸು ತೊಳೆಯುವ ಆ್ಯಸಿಡ್ಡನ್ನು ಬಕೆಟ್ಟಿನ ತಳದಲ್ಲಿಟ್ಟು ಮೇಲೆ ಸ್ಕ್ರೂಗಳನ್ನು ತೂಗುಹಾಕಿ ಮುಚ್ಚಿದರೆ, ಆ ಹಬೆಗೆ ಅವು ಕಂದುತ್ತವೆ. ಮುಂಗೈ ಉಜ್ಜುವ ಕಡೆ ಉಪ್ಪುಕಾಗದದಿಂದ ತೀಡಿ ಬಣ್ಣ ಹಾರಿಸಬೇಕು. ಕುತ್ತಿಗೆಗೆ ದೀಪದ ಮಸಿ, ಹರಳೆಣ್ಣೆ, ಗಟ್ಟಿ ಡಿಕಾಕ್ಷನ್ನು ಕಲಸಿ ಹೆಬ್ಬೆರಳಲ್ಲಿ ತಿಕ್ಕಬೇಕು. ಆ ಜಿಡ್ಡು ಉಗುರಿನ ಸಂದಿಗೆ ಹೊಕ್ಕಿತೆಂದರೆ ಎರಡು ದಿನ ಹೋಗುತ್ತಿರಲಿಲ್ಲ. ಅನ್ನ ಕಲಸುವಾಗ ಬೆರಳು ನೋಡಿದರೆ ನನ್ನ ಕೈ ನನಗೇ ಬೇಡವಾಗುತ್ತಿತ್ತು. ಆದರೂ ಗಿಟಾರ್ ಮುಗಿದಾಗ ಅದನ್ನು ಬೆಳಕಿಗೆ ಹಿಡಿದು, ಅಪ್ಪ ನೋಡಬೇಕಿತ್ತು ಎಂದುಕೊಳ್ಳುತ್ತಿದ್ದೆ.

ನನಗೆ ನಿಜವಾಗಿ ವಾಕರಿಕೆ ತರಿಸಿದ ಮೊದಲ ಸಂಗತಿ ಬನಿಯನ್. ಆತ ಒಂದು ಸಲ ಪ್ಲಾಸ್ಟಿಕ್ ಕವರೊಂದನ್ನು ನನ್ನ ಮೇಜಿನ ಮೇಲಿಟ್ಟ. ಬಿಚ್ಚಿದರೆ ಗಪ್ಪೆಂದು ನಾತ. ಜಿಮ್ಮಿಗೆ ಹೋಗಿ ಬಂದು ಒಗೆಯದೆ ಇಟ್ಟಿದ್ದ ಅವನ ನಾಲ್ಕೈದು ಬನಿಯನ್ನುಗಳು.

"ಇದನ್ನ ಕೇಸ್ ಒಳಗೆ ಗಿಟಾರ್ ಜೊತೆ ಹಾಕಿ ಒಂದು ವಾರ ಮುಚ್ಚಿಡಿ ಅಕ್ಕ. ಹಳೇ ಗಿಟಾರ್‌ಗೆ ಒಂದು ವಾಸನೆ ಇರತ್ತಲ್ಲ, ಅದು ಬರ್ಬೇಕು."

"ಸಾರ್, ಥೂ, ಇದೆಲ್ಲ ನನ್ ಕೈಲಾಗಲ್ಲ."

"ಗ್ಲೌಸ್ ಹಾಕ್ಕೊಳ್ಳಿ ಅಕ್ಕ," ಎಂದು ನಕ್ಕ.

ಗ್ಲೌಸ್ ಹಾಕಿಕೊಂಡೆ. ಬೇಡ ಎಂದವಳು ಒಂದೇ ನಿಮಿಷದಲ್ಲಿ ಗ್ಲೌಸ್ ಹುಡುಕತೊಡಗಿದ್ದು ನನಗೆ ಚೆನ್ನಾಗಿ ನೆನಪಿದೆ.

ಹೀಗಿರುವಾಗ ಯಡಿಯೂರಿನಿಂದ ಹಿರಿಯರೊಬ್ಬರು ಗಿಟಾರ್ ರಿಪೇರಿಗೆಂದು ಬಂದರು. ಎಪ್ಪತ್ತು ದಾಟಿದವರು, ತೆಳ್ಳನೆಯ ಆಳು. ಹೆಗಲಿಗೆ ಹಾಸಿಗೆ ಬಟ್ಟೆಯಲ್ಲಿ ಹೊಲಿದ ಚೀಲ. ಅದರಿಂದ ಒಂದು ಗಿಟಾರ್ ಹೊರಬಂತು. ಎರಡು ಕೊಂಬಿನ ಅದೇ ಆಕಾರ, ಆದರೆ ಯಾವ ಕಂಪನಿಯದೂ ಅಲ್ಲ. ಗಾತ್ರದಲ್ಲಿ ಒಂದಿಷ್ಟು ಚಿಕ್ಕದು, ಎತ್ತಿದರೆ ಒನಕೆಯಷ್ಟು ಭಾರ.

"ನಾನೇ ಮಾಡಿದ್ದಮ್ಮ," ಎಂದರು. "ಆಗ ರೇಡಿಯೋ ಅಂಗಡೀಲಿ ಕೆಲಸಕ್ಕಿದ್ದೆ. ಆರ್ಕೆಸ್ಟ್ರಾದವರು ಎಲೆಕ್ಟ್ರಿಕ್ ಗಿಟಾರ್ ಇದ್ರೆ ಸೇರಿಸ್ಕೋತೀವಿ ಅಂದ್ರು. ಎಲ್ಲಿಂದ ತರೋದು? ಒಂದು ಇಂಗ್ಲಿಷ್ ರೆಕಾರ್ಡಿನ ಕವರ್ ಮೇಲೆ ಫೋಟೋ ಇತ್ತು. ಅದನ್ನ ನೋಡ್ಕೊಂಡು ಹಲಸಿನ ಹಲಗೇಲಿ ಕೆತ್ತಿದೆ."

"ಅಳತೆ ಹೆಂಗ್ ಗೊತ್ತಾಯ್ತು ಸಾರ್?"

"ಫೋಟೋದಲ್ಲಿ ಇದ್ದವನ ಅಂಗೈಯೂ ನನ್ನ ಅಂಗೈಯೂ ಒಂದೇ ಸೈಜು ಅಂದ್ಕೊಂಡೆ. ಅವಂದು ದೊಡ್ಡದಿತ್ತು ಅಂತ ಕಾಣತ್ತೆ. ನನ್ನ ಗಿಟಾರ್ ಕುಳ್ಳಾಯ್ತು."

ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪುಗಳನ್ನೂ ಅವರೇ ಸುತ್ತಿದ್ದರು. ಕೂದಲೆಳೆಯಂಥ ತಾಮ್ರದ ತಂತಿಯನ್ನು ತಾಯಿಯ ಹೊಲಿಗೆ ಯಂತ್ರದ ಚಕ್ರಕ್ಕೆ ಜೋಡಿಸಿ, ತುಂಡಾದಾಗಲೆಲ್ಲ ಮತ್ತೆ ಬೆಸೆದು, ಸಾವಿರಾರು ಸುತ್ತು. ನಾನು ಗಿಟಾರನ್ನು ತಿರುಗಿಸಿದೆ. ಬೆನ್ನಿನ ಮೇಲ್ಭಾಗದಲ್ಲಿ, ಪಕ್ಕೆ ಒರಗುವ ಕಡೆ, ಮರವನ್ನು ಅರದಿಂದ ಒರಟೊರಟಾಗಿ ತೀಡಿ ತೆಗೆದಿತ್ತು.

"ಇದೂ ಫೋಟೋ ನೋಡಿ ಮಾಡಿದ್ದಾ?"

"ಫೋಟೋದಲ್ಲಿ ಬೆನ್ನು ಎಲ್ಲಿ ಕಾಣತ್ತಮ್ಮ? ಮೊದಲು ಬಾಗಿಲಿನ ಹಾಗೆ ಚಪ್ಪಟೆ ಇಟ್ಟಿದ್ದೆ. ಒಂದು ತಿಂಗಳು ನುಡಿಸೋ ಹೊತ್ತಿಗೆ ಪಕ್ಕೆ ಕರ್ರಗಾಯ್ತು. ಅರ ತಗೊಂಡು ನೋವು ಇರೋ ಕಡೆ ತೀಡಿದೆ. ಎಷ್ಟೋ ವರ್ಷ ಆದ್ಮೇಲೆ ಫಾರಿನ್ ಗಿಟಾರ್ ಒಂದನ್ನ ಕೈಯಲ್ಲಿ ಹಿಡಿದೆ ನೋಡು, ಅದಕ್ಕೂ ಅಲ್ಲೇ ತೀಡಿದ್ದಾರೆ!"

ಅದನ್ನು ಹೇಳುವಾಗ ಅವರ ಮುಖ ಅರಳಿತ್ತು. ಗಿಟಾರಿನ ತಲೆಯ ತುದಿಯಲ್ಲಿ ಸುಟ್ಟ ಕಪ್ಪು ಕಲೆಯೊಂದಿತ್ತು. ಸಿಗರೇಟೇ ಎಂದು ಕೇಳಿದೆ. ಅಲ್ಲ, ಅಗರಬತ್ತಿ. ಬನಶಂಕರಿಯ ಕಡೆ ಗಣೇಶನ ಪ್ರೋಗ್ರಾಂ ಒಂದರಲ್ಲಿ ಸ್ಟೇಜನ್ನು ತೆರೆದ ಮೋರಿಯ ಮೇಲೆಯೇ ಹಾಕಿದ್ದರಂತೆ. ನಾತ ತಡೆಯಲಾರದೆ ತಂತಿಗಳ ಸಂದಿಗೆ ಅಗರಬತ್ತಿ ಸಿಕ್ಕಿಸಿಕೊಂಡು ಮೂರು ಗಂಟೆ ನುಡಿಸಿದರಂತೆ. ಆಮೇಲೆ ಅದೇ ರೂಢಿಯಾಯಿತು. ಬೆಂಗಳೂರಿನಲ್ಲಿ ಮೋರಿ ಇಲ್ಲದ ಸ್ಟೇಜ್ ಎಲ್ಲಿದೆ ಎಂದು ನಕ್ಕರು. ಫ್ರೆಟ್ ಬದಲಾಯಿಸಲು ಹೇಳಿ, ಗಿಟಾರ್ ಬಿಟ್ಟು, ಬಸ್ಸಿಗೆ ಹೊರಟರು.

ಎರಡು ದಿನ ಬಿಟ್ಟು ಶೋರೂಮಿನವನು ಬಂದ. ಮೇಜಿನ ಮೇಲೆ ಹಿರಿಯರ ಗಿಟಾರ್ ಇತ್ತು. ಮೊಬೈಲಿನಲ್ಲಿ ಹಿಂದೆ ಮುಂದೆ ಫೋಟೋ ತೆಗೆದ. ಕಥೆ ಕೇಳಿದ. ನಾನು ಎಲ್ಲವನ್ನೂ ಹೇಳಿದೆ, ಅಂಗೈ, ಹೊಲಿಗೆ ಯಂತ್ರ, ಪಕ್ಕೆ, ಮೋರಿ. ನನ್ನದೇ ಸಾಹಸವೆನ್ನುವಂತೆ ಉತ್ಸಾಹದಿಂದ ಹೇಳಿದೆ.

"ಮಾರ್ತಾರಾ ಕೇಳಿ," ಎಂದ.

"ಮಾರಲ್ಲ ಸಾರ್."

"ಹಂಗಾದ್ರೆ ಇದೇ ಥರ ಒಂದು ಮಾಡೋಣ. ನಾನು ಹಳೇ ಹಲಸಿನ ಬಾಗಿಲು ತರ್ತೀನಿ. ನೀವು ಇದರ ಅಚ್ಚು ತೆಗೀರಿ."

ಹಿರಿಯರಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಅವರು ಬೇಡ ಅನ್ನಬಹುದೆಂದೇ ಕೇಳಲಿಲ್ಲ. ಬಟರ್ ಪೇಪರ್ ಹಾಸಿ ಗಿಟಾರಿನ ಅಂಚು ಬರೆದುಕೊಂಡೆ. ಸವೆದ ಜಾಗ, ಗೀರು, ಸುಟ್ಟ ಕಲೆ, ಒಂದೂ ಬಿಡದೆ ಗುರುತು ಮಾಡಿಕೊಂಡೆ. ಆ ವಾರ ಅವರು ಬಂದು ಗಿಟಾರ್ ತೆಗೆದುಕೊಂಡು, "ಬೆಣ್ಣೆ ಥರ ಮಾಡಿದೀಯಮ್ಮ," ಎಂದು ಹೊಗಳಿ ಹೋದರು. ಬಟರ್ ಪೇಪರು ಅವರ ಬೆನ್ನ ಹಿಂದಿನ ಷೆಲ್ಫಿನಲ್ಲಿ ಸುತ್ತಿಕೊಂಡು ನಿಂತಿತ್ತು.

ಮೂರು ತಿಂಗಳಲ್ಲಿ ಅವಳಿ ಗಿಟಾರ್ ತಯಾರಾಯಿತು. ಅಗರಬತ್ತಿ ಹಚ್ಚಿ ಅದೇ ಜಾಗದಲ್ಲಿ ಸುಟ್ಟೆ. ಬನಿಯನ್ ಹಾಕಿ ವಾರ ಮುಚ್ಚಿಟ್ಟೆ. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದರೆ ನಾನೇ ತಬ್ಬಿಬ್ಬಾಗುತ್ತಿದ್ದೆ.

ಅದನ್ನು ಶೋರೂಮಿನಲ್ಲಿ ಇಟ್ಟ ಭಾನುವಾರ ಬೆಳಿಗ್ಗೆ ಆತ ನನ್ನನ್ನೂ ಕರೆದಿದ್ದ. ಗಾಜಿನ ಕಪಾಟಿನಲ್ಲಿ ಬೆಳಕು ಬಿಟ್ಟು ನಿಲ್ಲಿಸಿದ್ದರು. ಪಕ್ಕದಲ್ಲಿ ಇಂಗ್ಲಿಷಿನ ಬೋರ್ಡು. ಎಪ್ಪತ್ತರ ದಶಕದ ಬೆಂಗಳೂರಿನ ದಿವಂಗತ ಕಲಾವಿದರೊಬ್ಬರು ಸ್ವಂತ ಕೈಯಿಂದ ಮಾಡಿ, ಬದುಕಿರುವವರೆಗೂ ನುಡಿಸಿದ ಗಿಟಾರ್. ಪ್ರತಿದಿನ ಅಗರಬತ್ತಿ ಹಚ್ಚಿ ಅದನ್ನು ಪೂಜಿಸುತ್ತಿದ್ದರು ಎಂದು ಬರೆದಿತ್ತು. ದಿವಂಗತ ಎಂಬ ಮಾತನ್ನು ನಾನು ಎರಡು ಸಲ ಓದಿದೆ. ಹಿಂದಿನ ದಿನವಷ್ಟೇ ಆ ದಿವಂಗತರು ನನಗೆ ಫೋನ್ ಮಾಡಿ ಯಾವ ತಂತಿ ಒಳ್ಳೆಯದು ಎಂದು ವಿಚಾರಿಸಿದ್ದರು.

ದುಬಾರಿ ಬೂಟಿನ ಗಿರಾಕಿಯೊಬ್ಬ ಗಿಟಾರನ್ನು ಹೊರಗೆ ತೆಗೆಸಿದ. ಕುತ್ತಿಗೆಯನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡ.

"ಈ ಸ್ಮೆಲ್ ಇದ್ಯಲ್ಲ, ಇದನ್ನ ಡೂಪ್ಲಿಕೇಟ್ ಮಾಡಕ್ಕಾಗಲ್ಲ ಗುರು. ಇದೇ ಹಿಸ್ಟರಿ."

ಬನಿಯನ್ನಿನ ಕವರು ಬಿಚ್ಚಿದ ಕ್ಷಣ ನನ್ನ ಮೂಗಿಗೆ ಮತ್ತೆ ಬಡಿಯಿತು. ನೇರ ಆ ಗಿರಾಕಿಯ ಹತ್ತಿರ ಹೋದೆ.

"ಸಾರ್, ಇದು ಹಳೇದಲ್ಲ. ಮೂರು ತಿಂಗಳಾಯ್ತು ಅಷ್ಟೆ. ನಾನೇ ಮಾಡಿದ್ದು. ಬೋರ್ಡಲ್ಲಿರೋದು ಸುಳ್ಳು, ಅವರು ಬದುಕಿದಾರೆ."

ಆತ ಗಿಟಾರ್ ಕೆಳಗಿಡುತ್ತಾನೆ, ಜಗಳವಾಗುತ್ತದೆ ಎಂದುಕೊಂಡಿದ್ದೆ. ಆತ ನನ್ನನ್ನು ನೋಡಿದ, ಗಿಟಾರನ್ನು ನೋಡಿದ, ಆಮೇಲೆ ಶೋರೂಮಿನವನ ಕಡೆ ತಿರುಗಿದ.

"ಹಂಗಾದ್ರೆ ರೇಟ್ ಸ್ವಲ್ಪ ನೋಡಿ. ಬೋರ್ಡ್ ಮಾತ್ರ ಜೊತೆಗೆ ಬೇಕು. ಮನೇಲಿ ಗೋಡೆ ಮೇಲೆ ಹಾಕ್ತೀನಿ."

ಶೋರೂಮಿನವನೂ ಬೆವರಲಿಲ್ಲ. ನನ್ನ ತೋಳಿನ ಹತ್ತಿರ ಬಂದು, "ಅಕ್ಕ, ನೀವು ದೊಡ್ಡ ಆರ್ಟಿಸ್ಟು. ನಿಮ್ಮ ಹೆಸರೂ ಹಾಕ್ಲಾ?" ಎಂದ.

ಹೊರಗೆ ಬಂದು ಹೊಂಗೆ ಮರದ ಬುಡದಲ್ಲಿ ವಾಂತಿ ಮಾಡಿಕೊಂಡೆ. ಶೋರೂಮಿನಲ್ಲಿ ಕುಡಿದ ಕಾಫಿಯೆಲ್ಲ ಹೋಯಿತು. ಒಬ್ಬ ಆಂಟಿ ನೀರಿನ ಬಾಟಲಿ ಕೊಟ್ಟು, "ಬಿಸಿಲಿಗೆ ಹಿಂಗಾಗತ್ತೆ," ಎಂದರು. ಹೂಂ ಎಂದೆ.

ಅಲ್ಲಿಂದ ಆಟೋ ಹಿಡಿದು ಸೀದಾ ಯಡಿಯೂರಿಗೆ ಹೋದೆ. ಕೆರೆಯ ಹಿಂದಿನ ಬೀದಿಯಲ್ಲಿ ಮೊದಲ ಮಹಡಿಯ ಮನೆ. ಹಿರಿಯರು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು, ಹೆಂಡತಿ ಎದುರಿಗೆ. ನಿಂತುಕೊಂಡೇ ಎಲ್ಲ ಹೇಳಿದೆ. ಬೋರ್ಡಿನ ವಿಷಯಕ್ಕೆ ಬಂದಾಗ ಆಕೆ ಕೈ ನಿಲ್ಲಿಸಿ, "ಇವರನ್ನ ಸಾಯಿಸೇ ಬಿಟ್ರಾ? ಮೊದಲು ಈ ಹುಣಸೆಹಣ್ಣಾದ್ರೂ ಮುಗೀಲಿ," ಎಂದರು.

ಹಿರಿಯರು ನಗಲಿಲ್ಲ. "ಬೆನ್ನೂ ತೀಡಿದ್ಯಾ?" ಎಂದು ಕೇಳಿದರು.

"ತೀಡಿದೆ ಸಾರ್."

"ನನ್ನನ್ನ ಒಂದು ಮಾತು ಯಾಕೆ ಕೇಳಲಿಲ್ಲಮ್ಮ?"

ಅವರು ಹುಣಸೆಹಣ್ಣಿನ ತಟ್ಟೆ ಬದಿಗೆ ಸರಿಸಿ ಎದ್ದರು. ಕೈ ತೊಳೆದುಕೊಂಡು, ಶರ್ಟು ಹಾಕಿಕೊಂಡು, ಕೈಚೀಲ ತೆಗೆದುಕೊಂಡು, "ನಡಿ, ನೋಡೋಣ," ಎಂದರು.

ಗಿರಾಕಿ ಮುಂಗಡ ಕೊಟ್ಟು ಹೋಗಿದ್ದ. ಗಿಟಾರ್ ಇನ್ನೂ ಕಪಾಟಿನಲ್ಲಿಯೇ ಇತ್ತು. ಇವರು ಯಾರೆಂದು ನಾನು ಹೇಳಿದಾಗ ಶೋರೂಮಿನವನ ಮುಖದಲ್ಲಿ ನಾಚಿಕೆಗಾಗಿ ಹುಡುಕಿದೆ. ಅಲ್ಲಿದ್ದದ್ದು ಸಂತೋಷ.

"ಸಾರ್! ನೀವು ಇರೋದು ಇನ್ನೂ ಒಳ್ಳೇದೇ ಆಯ್ತು. ನಿಮ್ಮ ಹೆಸರಲ್ಲೇ ಒಂದು ಮಾಡೆಲ್ ತರೋಣ. ಸದ್ಯಕ್ಕೆ ಇದರ ಮೇಲೆ ಒಂದು ಸೈನ್ ಹಾಕ್ಬಿಡಿ."

ಹಿರಿಯರು ಗಿಟಾರ್ ತೆಗೆದುಕೊಂಡು ಸ್ಟೂಲಿನ ಮೇಲೆ ಕೂತರು. ಎರಡು ನಿಮಿಷ ನುಡಿಸಿದರು. ಬೆನ್ನಿಗೆ ಕೈಯಾಡಿಸಿದರು. ನನ್ನ ಕಡೆ ನೋಡಿ, "ಕೆಲಸ ಚೆನ್ನಾಗಿ ಮಾಡಿದೀಯ. ಆದ್ರೆ ಇದು ನನಗೆ ಬೇರೆ ಕಡೆ ಒತ್ತತ್ತೆ. ಐವತ್ತು ವರ್ಷದಲ್ಲಿ ನನ್ನ ಪಕ್ಕೆ ಬದಲಾಯ್ತು, ಗಿಟಾರೂ ಅದರ ಜೊತೆ ಸವೀತು, ಆ ಸವೆತದ ಆಳ ಪೇಪರಿಗೆ ಬರಲ್ಲ. ನೀನು ಗಿಟಾರ್ ನೋಡಿದೆ, ಪಕ್ಕೆ ನೋಡಲಿಲ್ಲ," ಎಂದರು. ಬೈದಿದ್ದರೆ ಇಷ್ಟು ಕುಟುಕುತ್ತಿರಲಿಲ್ಲ.

ಆಮೇಲೆ ಶೋರೂಮಿನವನ ಹತ್ತಿರ ಮಾರ್ಕರ್ ಕೇಳಿದರು. ಇವರೂ ಒಪ್ಪಿಬಿಟ್ಟರೇ ಎಂದು ಆ ಒಂದು ಗಳಿಗೆ ಅವರ ಮೇಲೂ ಹೇಸಿಗೆಪಟ್ಟೆ. ಅವರು ಗಿಟಾರನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡು, ಬೆನ್ನಿನ ಮೇಲೆ ದುಂಡನೆಯ ಕನ್ನಡ ಅಕ್ಷರದಲ್ಲಿ ಬರೆದರು: ಇದು ನನ್ನದಲ್ಲ. ಕೆಳಗೆ ಸಹಿ ಹಾಕಿದರು. ಕಪಾಟಿನ ಪಕ್ಕದ ಬೋರ್ಡನ್ನು ಕಿತ್ತು ತಮ್ಮ ಚೀಲಕ್ಕೆ ಹಾಕಿಕೊಂಡು ಹೊರಟರು. ಆತ ತಡೆಯಲಿಲ್ಲ. ಬೋರ್ಡು ಇನ್ನೊಂದು ಪ್ರಿಂಟ್ ಹಾಕಿಸಬಹುದಲ್ಲ.

ಒಂದು ವಾರದ ಮೇಲೆ ಶೋರೂಮಿನ ಇನ್‌ಸ್ಟಾಗ್ರಾಂ ಪುಟದಲ್ಲಿ ಫೋಟೋ ಬಂತು. ಅದೇ ಗಿರಾಕಿ, ಗಿಟಾರಿನ ಬೆನ್ನನ್ನು ಕ್ಯಾಮೆರಾಕ್ಕೆ ಹಿಡಿದು ಹಲ್ಲು ಬಿಟ್ಟು ನಿಂತಿದ್ದಾನೆ. ಕಲಾವಿದರು ಕನ್ನಡದಲ್ಲಿ ತಾವೇ ಬರೆದುಕೊಟ್ಟ ಸಂದೇಶ ಮತ್ತು ಹಸ್ತಾಕ್ಷರದ ಸಮೇತ ಎಂದು ಕೆಳಗೆ ಇಂಗ್ಲಿಷಿನಲ್ಲಿತ್ತು. ಗಿರಾಕಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲವೆಂದು ತೋರುತ್ತದೆ. ಮಾರಿದವನಿಗೆ ಚೆನ್ನಾಗಿ ಬರುತ್ತದೆ. ಅದರಡಿ ಹತ್ತಾರು ಜನ ಹೃದಯದ ಚಿಹ್ನೆ ಒತ್ತಿದ್ದರು. ಹಿರಿಯರಿಗೆ ತೋರಿಸಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ನಗು ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಆ ಕೆಲಸ ಬಿಟ್ಟೆ. ಫ್ರೀಜರ್ ವಾಪಸ್ ಕಳಿಸಿದೆ. ಶೋರೂಮಿನವನು ಬಿ.ಟಿ.ಎಂ. ಲೇಔಟ್ ಕಡೆ ಇನ್ನೊಬ್ಬರನ್ನು ಹುಡುಕಿಕೊಂಡಿದ್ದಾನೆ ಎಂದು ಕೇಳಿದೆ. ನನ್ನ ಕಣ್ಣು ಮಾತ್ರ ಕೆಟ್ಟುಹೋಗಿದೆ. ಯಾರಾದರೂ ನಿಜವಾಗಿಯೂ ನುಡಿಸಿ ನುಡಿಸಿ ಸವೆಸಿದ ಗಿಟಾರ್ ತಂದರೆ, ಈ ಸವೆತಕ್ಕೆ ಎಷ್ಟನೇ ನಂಬರಿನ ಉಪ್ಪುಕಾಗದ ಬೇಕಾಗುತ್ತದೆ ಎಂದು ಲೆಕ್ಕ ಹಾಕಿಯೇ ಮುಂದಕ್ಕೆ ಹೋಗುತ್ತೇನೆ. ಮನುಷ್ಯರು ಅದರಾಚೆ ಕಾಣುತ್ತಾರೆ, ತಡವಾಗಿ.

ಹಿರಿಯರು ಈಗಲೂ ನನ್ನ ಹತ್ತಿರವೇ ಬರುತ್ತಾರೆ. ಅದೇ ಪ್ರೀತಿ, ಅದೇ ಮಾತು. ಹೆಂಡತಿ ಕೊಟ್ಟ ಹುಳಿಪುಡಿಯನ್ನೂ ಒಮ್ಮೆ ತಂದುಕೊಟ್ಟರು. ಆದರೆ ಗಿಟಾರ್ ಬಿಟ್ಟು ಹೋಗುವುದಿಲ್ಲ. ಕೆಲಸ ಅರ್ಧ ದಿನ ಹಿಡಿದರೂ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿರುತ್ತಾರೆ, ಪೇಪರ್ ಓದುತ್ತಾರೆ, ನಡುವೆ ಕತ್ತೆತ್ತಿ ನನ್ನ ಕೈ ನೋಡುತ್ತಾರೆ. ಕಾಫಿಗೆ ಹೋಗಿ ಬನ್ನಿ ಸಾರ್, ನಾನು ಮುಗಿಸಿರ್ತೀನಿ ಎಂದು ಒಂದು ಸಲ ಹೇಳಿದೆ.

"ಪರವಾಗಿಲ್ಲಮ್ಮ, ಇಲ್ಲೇ ಇರ್ತೀನಿ," ಎಂದರು.